ನಂಬದಿರುವ ನೌಕರಿ

ಬೆಂಗಳೂರಿನಲ್ಲಿ ನೀನು ಮಾಡುವ ಕೆಲಸವಾದರೂ ಏನು ಎಂದು ದೊಡ್ಡಮ್ಮ ಹಬ್ಬಕ್ಕೆ ಹೋದಾಗಲೆಲ್ಲ ಕೇಳುತ್ತಾಳೆ. ಕಂಪ್ಯೂಟರ್ ಕೆಲಸ ಎಂದರೆ ಅವಳಿಗೆ ಸಮಾಧಾನವಿಲ್ಲ. ಬ್ಯಾಂಕಿನವರೂ ಕಂಪ್ಯೂಟರ್ ಮುಂದೆ ಕೂರುತ್ತಾರೆ, ಸೊಸೈಟಿಯಲ್ಲಿ ಅಕ್ಕಿ ಕೊಡುವವನೂ ಕೂರುತ್ತಾನೆ. ಈ ಸಲದ ಯುಗಾದಿಗೆ ಕೂತು ಬಿಡಿಸಿ ಹೇಳಿದೆ. ಜನ ಮೊಬೈಲಿನಲ್ಲಿ ಫಾರಂ ತುಂಬಿ ಕಳಿಸುತ್ತಾರೆ, ಅದು ನಮ್ಮ ಸರ್ವರ್‌ಗೆ ಬಂದು ಬೀಳುತ್ತದೆ, ಬಂದದ್ದು ಸರಿಯಿದೆಯೇ ಎಂದು ನೋಡಿ ಒಳಗೆ ಬಿಡುವ ಪ್ರೋಗ್ರಾಂ ಬರೆಯುವವನು ನಾನು. ಕಳಿಸುವ ಮೊದಲು ಅವರ ಮೊಬೈಲೇ ಒಂದು ಸಲ ನೋಡಿರುತ್ತದೆ, ಆದರೂ ನಾವು ಇನ್ನೊಂದು ಸಲ ನೋಡಲೇಬೇಕು. ದೊಡ್ಡಮ್ಮ ಒಬ್ಬಟ್ಟು ತಟ್ಟುವುದನ್ನು ನಿಲ್ಲಿಸಿ, "ಅಂದ್ರೆ ಜನ ಹೇಳಿದ್ದನ್ನ ನಂಬ್ದೇ ಇರೋಕೆ ನಿಂಗೆ ಸಂಬಳ ಕೊಡ್ತಾರೇನೋ?" ಎಂದಳು. ಸರ್ವರ್ ವ್ಯಾಲಿಡೇಷನ್ ಬಗ್ಗೆ ದಪ್ಪದಪ್ಪ ಪುಸ್ತಕಗಳನ್ನೇ ಓದಿದ್ದೇನೆ. ಇಷ್ಟು ಚೊಕ್ಕವಾಗಿ ಹೇಳಿದವರನ್ನು ಕಾಣೆ.

ನಂಬದಿರುವುದಕ್ಕೂ ಒಂದು ಕ್ರಮವಿದೆ. ಅದನ್ನು ನಾನು ನೋಡಿದ್ದು ಎಂಜಿನಿಯರಿಂಗ್ ಕಾಲೇಜಿನಲ್ಲಲ್ಲ, ನಮ್ಮ ತಾಲ್ಲೂಕು ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ. ನನ್ನ ಚಿಕ್ಕಪ್ಪ ಅಲ್ಲಿ ಅರ್ಜಿ ಬರೆಯುತ್ತಿದ್ದರು. ಮಡಚುವ ಮೇಜು, ಕಾರ್ಬನ್ ಹಾಳೆ, ಹೆಬ್ಬೆಟ್ಟಿನ ಶಾಯಿಯ ಡಬ್ಬಿ, ಸಿಗರೇಟಿನ ಹಳೆಯ ಪ್ಯಾಕಿನಲ್ಲಿ ಕೋರ್ಟ್ ಫೀ ಸ್ಟಾಂಪು. ಖಾತೆ ಬದಲಾವಣೆಗೆ ಬಂದ ರೈತನನ್ನು ಅವರು ಮೊದಲು ಕೂರಿಸುತ್ತಿದ್ದರು. ಸರ್ವೆ ನಂಬರು ಯಾವುದು, ಹಿಸ್ಸಾ ಎಷ್ಟು, ಹೋಬಳಿ ಯಾವುದು ಎಂದು ಕೇಳಿ, ಅವನು ಹೇಳಿದ್ದರಲ್ಲಿ ಅರ್ಧವನ್ನು ತಿದ್ದಿ, ಪೂರ್ತಿ ಮರೆತದ್ದನ್ನು ನೆನಪಿಸಿ, ಅಚ್ಚುಕಟ್ಟಾಗಿ ಬರೆದು ಕಿಟಕಿಗೆ ಕಳಿಸುತ್ತಿದ್ದರು. ಕಿಟಕಿಯ ಒಳಗಿನ ಗುಮಾಸ್ತರು ಅದೇ ಅರ್ಜಿಯನ್ನು ಮೊದಲ ಅಕ್ಷರದಿಂದ ಮತ್ತೆ ಓದುತ್ತಿದ್ದರು. ರೈತನಿಗೆ ಸಿಟ್ಟು. "ಹೊರಗಡೆ ಅವ್ರೇ ನೋಡಿ ಸರಿ ಅಂದವ್ರಲ್ಲ ಸ್ವಾಮಿ" ಎಂದರೆ ಗುಮಾಸ್ತರು ತಲೆಯನ್ನೂ ಎತ್ತುತ್ತಿರಲಿಲ್ಲ. ವಾಪಸು ಬಂದು ದೂರು ಹೇಳಿದರೆ ಚಿಕ್ಕಪ್ಪ ನಗುತ್ತಿದ್ದರು. "ನಾನು ನೋಡೋದು ನಿನ್ನ ಅನುಕೂಲಕ್ಕೆ ಕಣಯ್ಯ. ಅವರು ನೋಡೋದು ರಿಜಿಸ್ಟರಿನ ಅನುಕೂಲಕ್ಕೆ."

ಆ ಮರದ ಕೆಳಗಿನ ಕೆಲಸವನ್ನು ಈಗ ಬ್ರೌಸರ್ ಮಾಡುತ್ತದೆ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಬ್ರೌಸರ್ ಒಳಗೇ ಓಡುವ ಒಂದು ಪುಟ್ಟ ಭಾಷೆಯ ಮೊದಲ ರೂಪ ಕಟ್ಟಿದ. ಅದೇ ಮುಂದೆ ಜಾವಾಸ್ಕ್ರಿಪ್ಟ್ ಆಯಿತು. ಆಗ ಇಂಟರ್‌ನೆಟ್ ಎಂದರೆ ಟೆಲಿಫೋನ್ ತಂತಿಯ ಮೇಲೆ ಕುಂಟುತ್ತ ಬರುವ ಸರಕು. ಒಂದು ಖಾನೆ ಖಾಲಿ ಬಿಟ್ಟಿದ್ದೀರಿ ಎಂದು ತಿಳಿಯಬೇಕಾದರೂ ಇಡೀ ಫಾರಂ ಸರ್ವರ್‌ವರೆಗೆ ಹೋಗಿ ಮರಳಿ ಬರಬೇಕಿತ್ತು. ಇಲ್ಲೇ ನೋಡಿಬಿಟ್ಟರೆ ಹೋಗಿಬರುವುದು ಉಳಿಯಿತಲ್ಲ! ಹೀಗೆ ಆ ಭಾಷೆಗೆ ಹುಟ್ಟಿದ ಹೊಸತರಲ್ಲೇ ಸಿಕ್ಕ ಕೆಲಸಗಳಲ್ಲಿ ಫಾರಂ ನೋಡುವುದೂ ಒಂದು. ಈಗ ಅದಕ್ಕೆ ಜಾವಾಸ್ಕ್ರಿಪ್ಟೂ ಬೇಡ. ಎಚ್‌ಟಿಎಂಎಲ್‌ನಲ್ಲಿ 'ರಿಕ್ವೈರ್ಡ್' ಎಂದು ಒಂದು ಪದ ಬರೆದರೆ ಸಾಕು, ಖಾಲಿ ಬಿಟ್ಟವರನ್ನು ಬ್ರೌಸರೇ ಹಿಡಿದು ನಿಲ್ಲಿಸುತ್ತದೆ.

ತೊಡಕು ಇರುವುದು ಬ್ರೌಸರ್ ಯಾರದು ಎನ್ನುವುದರಲ್ಲಿ. ಅದು ನಮ್ಮದಲ್ಲ, ಬಂದವರದು. ಅವರ ಮನೆಯಲ್ಲಿ, ಅವರ ಮೇಜಿನ ಮೇಲೆ ಓಡುವ ಪ್ರೋಗ್ರಾಂ. ಅದಕ್ಕೆ ನಾವು ಏನೇ ಬುದ್ಧಿ ಹೇಳಿ ಕಳಿಸಿದರೂ ಅಲ್ಲಿ ಅವರು ಹೇಳಿದ್ದೇ ನಡೆಯುವುದು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಇದನ್ನು ನಾನು ಬಾಯಲ್ಲಿ ಹೇಳುವುದಿಲ್ಲ, ಹಳೆಯ ಅಂಗಡಿ ಸಾಫ್ಟ್‌ವೇರೊಂದರ ಪರೀಕ್ಷಾ ಪ್ರತಿಯನ್ನು ಮುಂದಿಟ್ಟು ಆಟವಾಡಲು ಬಿಡುತ್ತೇನೆ. ಯಾರೋ ಬರೆದು, ಯಾರೋ ಮಾರಿ, ಈಗ ಯಾರೂ ಬಳಸದ ಸಾಫ್ಟ್‌ವೇರು ಅದು. ಕಳೆದ ಬಾರಿ ಸೇರಿದ ಹುಡುಗಿ ಅದರಲ್ಲಿ 9,200 ರೂಪಾಯಿಯ ಗ್ರೈಂಡರ್ ಒಂದನ್ನು ಬುಟ್ಟಿಗೆ ಹಾಕಿದಳು. ಆಮೇಲೆ 4,500 ರೂಪಾಯಿಯ ಸೀರೆ ಹಾಕಿ, ಎಫ್‌12 ಗುಂಡಿ ಒತ್ತಿ, ಪುಟದ ಹೊಟ್ಟೆ ಬಗೆದು ನೋಡಿದಳು. ಎಷ್ಟು ಬೇಕು ಎನ್ನುವ ಖಾನೆಯಲ್ಲಿ ಒಂದಕ್ಕಿಂತ ಕಡಿಮೆ ಬರೆಯಬಾರದು ಎಂಬ ಸೂಚನೆ ಅಲ್ಲಿತ್ತು. ಅದನ್ನು ಅಳಿಸಿ, ಮೈನಸ್ ಎರಡು ಎಂದು ಬರೆದಳು. ಸರ್ವರ್ ಭಕ್ತಿಯಿಂದ ಲೆಕ್ಕ ಮಾಡಿತು. ಇಲ್ಲದ ಎರಡು ಸೀರೆಗೆ ಒಂಬತ್ತು ಸಾವಿರ ಕಳೆಯಿತು, ಗ್ರೈಂಡರ್ ಇನ್ನೂರು ರೂಪಾಯಿಗೆ ಸಿಕ್ಕಿತು. "ಸರ್, ಒಂದು ಸೆಟ್ ದೋಸೆಗೂ ಈಗೀಗ ಇಷ್ಟಾಗತ್ತೆ" ಎಂದಳು. ಮೈನಸ್ ಎರಡು ಸೀರೆಯನ್ನು ಉಟ್ಟು ಬಂದವರು ಯಾರೂ ಇಲ್ಲ, ಆದರೆ ಕೂಡುವ ಕಳೆಯುವ ಲೆಕ್ಕ ತಿಳಿದ ಯಂತ್ರಕ್ಕೆ ಸೀರೆ ಎಂದರೆ ಏನೆಂದು ತಿಳಿದಿರಬೇಕಲ್ಲ.

ಎಫ್‌12 ಒತ್ತುವ ಶ್ರಮವೂ ಬೇಡ ಎನ್ನುವವರಿಗೆ 'ಕರ್ಲ್'ನಂಥ ಪ್ರೋಗ್ರಾಂಗಳಿವೆ. ಅವಕ್ಕೆ ಪುಟವೂ ಬೇಡ, ಬ್ರೌಸರೂ ಬೇಡ. ಹೊಂಗೆ ಮರದ ಕಡೆಗೆ ತಿರುಗಿಯೂ ನೋಡದೆ ನೇರ ಕಿಟಕಿಗೆ ಹೋಗಿ ಬೇಕಾದ್ದನ್ನು ತುರುಕಿ ಬರುತ್ತವೆ. ಒಳಗೆ ಗುಮಾಸ್ತರು ಇಲ್ಲದಿದ್ದರೆ ಅಷ್ಟೇ.

ತುರುಕುವುದರಲ್ಲೂ ಕಲೆಗಾರರಿದ್ದಾರೆ. 1998ರ ಕೊನೆಯಲ್ಲಿ 'ಫ್ರಾಕ್' ಎಂಬ ಹ್ಯಾಕರ್‌ಗಳ ಪತ್ರಿಕೆಯಲ್ಲಿ ಜೆಫ್ ಫಾರಿಸ್ಟಾಲ್ ಎಂಬುವನು ಬೇರೆ ಹೆಸರಿನಲ್ಲಿ ಒಂದು ಲೇಖನ ಬರೆದ. ಜನ ಖಾನೆಯಲ್ಲಿ ಬರೆದದ್ದನ್ನು ಪ್ರೋಗ್ರಾಂ ಹಾಗೇ ಎತ್ತಿ ಡೇಟಾಬೇಸಿಗೆ ಕೊಡುವ ಆಜ್ಞೆಯೊಳಗೆ ಸೇರಿಸಿಬಿಟ್ಟರೆ, ಬರೆದದ್ದು ಹೆಸರಾಗಿ ಉಳಿಯದೆ ಆಜ್ಞೆಯೇ ಆಗಿಬಿಡಬಹುದು ಎನ್ನುವುದನ್ನು ಅವನು ತೋರಿಸಿದ. ಮುಂದೆ ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಹೆಸರಾಯಿತು. ಹೆಚ್ಚಿನ ಸಲ ಎಲ್ಲಕ್ಕೂ ಮೂಲ ಒಂದು ಒಂಟಿ ಉದ್ಧರಣ ಚಿಹ್ನೆ. ಸಂಗತಿ ತಿಳಿದ ಮೇಲೆ ಪ್ರೋಗ್ರಾಮರ್‌ಗಳಲ್ಲಿ ಕೆಲವರು ಸರಿಯಾದ ಮದ್ದು ಕಲಿತರು: ಆಜ್ಞೆಯನ್ನು ಮೊದಲೇ ಬೇರೆಯಾಗಿ ಸಿದ್ಧಮಾಡಿಟ್ಟು, ಜನ ಬರೆದದ್ದನ್ನು ಬರೀ ಮೌಲ್ಯವೆಂದು ಪ್ರತ್ಯೇಕ ಕೊಡುವುದು. ಇನ್ನು ಕೆಲವರು ಆ ಚಿಹ್ನೆಯನ್ನೇ ಊರಿನಿಂದ ಬಹಿಷ್ಕರಿಸಿದರು. ಬಹಿಷ್ಕಾರದ ಬಿಸಿ ತಟ್ಟಿದ್ದು ಕಳ್ಳರಿಗಲ್ಲ, ಮಂಗಳೂರಿನ ಡಿ'ಸೋಜಾಗಳಿಗೆ, ಡಿ'ಸಿಲ್ವಾಗಳಿಗೆ. ತಲೆಮಾರುಗಳಿಂದ ಹೆಸರಿನ ನಡುವೆ ಒಂದು ಚಿಹ್ನೆ ಇಟ್ಟುಕೊಂಡು ಮರ್ಯಾದೆಯಿಂದ ಬಾಳಿದವರಿಗೆ, ನಿಮ್ಮ ಹೆಸರಿನಲ್ಲಿ ಅಪಾಯಕಾರಿ ಅಕ್ಷರವಿದೆ ಎಂದು ಕೆಂಪು ಅಕ್ಷರದಲ್ಲಿ ಹೇಳುವುದು ಯಾವ ನ್ಯಾಯ? ಅನುಮಾನಪಡುವುದು ಬೇರೆ, ಅವಮಾನ ಮಾಡುವುದು ಬೇರೆ.

ಹೆಸರಿನ ವಿಷಯ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆ ಯಾವ ಪುಣ್ಯಾತ್ಮನ ಕಲ್ಪನೆಯೋ, ಹಳೇ ಮೈಸೂರಿನವನದಂತೂ ಅಲ್ಲ. ನಮ್ಮಲ್ಲಿ ಮೊದಲು ಊರು, ಆಮೇಲೆ ಅಪ್ಪ, ಕಟ್ಟಕಡೆಗೆ ನಾವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಈ ಫಾರಂ ತುಂಬಿದ್ದರೆ ಅವರ ಮೊದಲ ಹೆಸರು ಕುಪ್ಪಳಿ ಎಂದು ದಾಖಲಾಗುತ್ತಿತ್ತು. ಮರುದಿನವೇ 'ಪ್ರಿಯ ಕುಪ್ಪಳಿ, ನಿಮಗೊಂದು ಸಿಹಿಸುದ್ದಿ' ಎಂದು ಇಮೇಲ್ ಬರುತ್ತಿತ್ತು. ಇನಿಷಿಯಲ್ಲೂ ಇಲ್ಲದ ಒಂಟಿ ಹೆಸರಿನವರ ಪಾಡು ಬೇರೆ. ಕೊನೆಯ ಹೆಸರು ಕಡ್ಡಾಯ ಎಂದು ಫಾರಂ ಹಟ ಹಿಡಿದಾಗ ಅವರು ಒಂದು ಚುಕ್ಕಿ ಇಡುತ್ತಾರೆ, ಇಲ್ಲವೆ ಅದೇ ಹೆಸರನ್ನು ಎರಡು ಸಲ ಬರೆಯುತ್ತಾರೆ. ಸುಳ್ಳು ಹೇಳಲು ಬಂದವರಲ್ಲ ಅವರು, ಸುಳ್ಳು ಹೇಳದೆ ಒಳಗೆ ಬಿಡುವುದಿಲ್ಲ ಎಂದಾಗ ಪಾಪ ಏನು ಮಾಡಿಯಾರು?

ಕನ್ನಡದಲ್ಲಿ ಹೆಸರು ಬರೆದವರ ಕಥೆ ಇದಕ್ಕಿಂತ ರಸವತ್ತಾದದ್ದು. ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು ಎಂಬ ನಿಯಮ ಕೇಳಲು ಸಭ್ಯವಾಗಿಯೇ ಇದೆ. ಇದು ಅಕ್ಷರವೇ ಎಂದು ಕೇಳುವ ಸಿದ್ಧ ಸೌಲಭ್ಯ ಪೈಥಾನ್‌ನಂಥ ಭಾಷೆಗಳಲ್ಲಿದೆ. ಅದು ಇಂಗ್ಲಿಷ್ ಒಂದನ್ನೇ ಅಲ್ಲ, ಕನ್ನಡದ ಅಕ್ಷರಗಳನ್ನೂ ಗುರುತಿಸುತ್ತದೆ. ಆದರೆ ಯುನಿಕೋಡ್ ಶಾಸ್ತ್ರದ ಪ್ರಕಾರ 'ಕ' ಅಕ್ಷರ, 'ಮ' ಅಕ್ಷರ. ಅವುಗಳಿಗೆ ಹತ್ತುವ ಇಳಿ, ಗುಡಿಸು, ಕೊಂಬು, ಒತ್ತು ತರುವ ಹಲಂತ ಇವೆಲ್ಲ ಅಕ್ಷರಗಳಲ್ಲ, ಚಿಹ್ನೆಗಳು. ಹಾಗಾಗಿ ಆ ನಿಯಮದ ಬಾಗಿಲಲ್ಲಿ ಕಮಲ ಒಳಗೆ, ವಿಮಲ ಹೊರಗೆ. ಬಸವ ಒಳಗೆ, ಬಸವಣ್ಣ ಹೊರಗೆ. ಗಣಪನಿಗೆ ಸ್ವಾಗತ, ಗಣಪತಿಗೆ ಬಾಗಿಲಿಲ್ಲ. ಭರತನಿಗೆ ಪ್ರವೇಶವುಂಟು, ರಾಮನಿಗೆ ಇಲ್ಲ! ಈ ನಿಯಮ ಬರೆದವನಿಗೆ ಕನ್ನಡದ ಮೇಲೆ ದ್ವೇಷವಿರಲಿಲ್ಲ, ಗುಣಿತಾಕ್ಷರ ಅವನ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ. ಅಂಕಿಗಳದ್ದು ಇನ್ನೊಂದು ತಮಾಷೆ. ಅಂಕಿಯೇ ಎಂದು ನೋಡುವ ಒಂದೇ ಸೂತ್ರವನ್ನು ಎರಡೂ ಕಡೆ ಬರೆದರೆ, ೯ ಅಂಕಿಯೆಂದು ಪೈಥಾನ್ ಒಪ್ಪುತ್ತದೆ, ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ. ಮರದ ಕೆಳಗೆ ತಪ್ಪು, ಕಿಟಕಿಯಲ್ಲಿ ಸರಿ.

ಸಂಖ್ಯೆಗಳನ್ನು ಪರೀಕ್ಷಿಸುವುದರಲ್ಲಿ ಮಾತ್ರ ನಮ್ಮ ದೇಶ ಹಿಂದೆ ಬಿದ್ದಿಲ್ಲ. ಪ್ಯಾನ್ ಸಂಖ್ಯೆಯಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ನಾಲ್ಕನೆಯದು 'ಪಿ' ಆದರೆ ವ್ಯಕ್ತಿ, 'ಸಿ' ಆದರೆ ಕಂಪನಿ. ಆಧಾರ್‌ನ ಹನ್ನೆರಡು ಅಂಕಿಗಳಲ್ಲಿ ಕೊನೆಯದು ಹಿಂದಿನ ಹನ್ನೊಂದಕ್ಕೆ ಕಾವಲು. ಡಚ್ ಗಣಿತಜ್ಞ ಯಾಕೋಬಸ್ ವರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನ ಅದು. ಒಂದಂಕಿ ತಪ್ಪಿದರೂ ಹಿಡಿಯುತ್ತದೆ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಹಿಡಿಯುತ್ತದೆ. ಈ ಲೆಕ್ಕವನ್ನು ಸರ್ವರ್ ಕ್ಷಣದಲ್ಲಿ ಮುಗಿಸಿ ಸರಿ ಎನ್ನುತ್ತದೆ. ಬರವಣಿಗೆ ಸರಿ ಎಂದಷ್ಟೇ ಅದರ ಅರ್ಥ. ಅಂಥ ಮನುಷ್ಯ ಇದ್ದಾನೆಯೇ, ಅರ್ಜಿ ಹಾಕಿದವನು ಅವನೇ ಹೌದೇ ಎಂದು ಅಂಕಿಗಳನ್ನು ಎಷ್ಟು ಗುಣಿಸಿದರೂ ಗೊತ್ತಾಗುವುದಿಲ್ಲ.

ದೊಡ್ಡಮ್ಮನ ಜನ್ಮದಿನಾಂಕವನ್ನೇ ನೋಡಿ. ಎಲ್ಲ ದಾಖಲೆಗಳಲ್ಲೂ ಜೂನ್ 1. ಅವಳ ಓರಗೆಯ ಅರ್ಧ ಊರಿನದೂ ಜೂನ್ 1. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಮಗುವಿನ ಮುಖ ನೋಡಿ, ವಯಸ್ಸು ಅಂದಾಜು ಮಾಡಿ, ಅಷ್ಟು ವರ್ಷ ಹಿಂದಕ್ಕೆ ಎಣಿಸಿ ಬರೆದ ತಾರೀಖು ಅದು. ಅವಳ ಅವ್ವ ಹೇಳುತ್ತಿದ್ದದ್ದು, ಹೊಳೆ ಊರೊಳಗೆ ಬಂದ ವರ್ಷ, ಶ್ರಾವಣದಲ್ಲಿ, ಎಮ್ಮೆ ಕರು ಹಾಕಿದ ಮಾರನೆಯ ದಿನ ಎಂದು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಆದರೆ ಯಾವ ಖಾನೆಯೂ ಇದನ್ನು ಒಪ್ಪುವುದಿಲ್ಲ. ಜೂನ್ 31 ಎಂದು ಬರೆದರೆ ನನ್ನ ಪ್ರೋಗ್ರಾಂ ತಟ್ಟನೆ ಹಿಡಿಯುತ್ತದೆ. ಜೂನ್ 1 ಎಂದರೆ ತಲೆಯಾಡಿಸಿ ಒಳಗೆ ಬಿಡುತ್ತದೆ. ಅವಳ ಮೊಮ್ಮಕ್ಕಳು ಈಗ ಪ್ರತಿ ಜೂನ್ ಒಂದಕ್ಕೆ ಕೇಕ್ ತರುತ್ತಾರೆ, ಅವಳೂ ಕತ್ತರಿಸುತ್ತಾಳೆ.

ಚಿಕ್ಕಪ್ಪ ಈಗಿಲ್ಲ. ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿದ ಮೇಲೆ ಅವರ ಮೇಜು ನಿಧಾನವಾಗಿ ಬಡವಾಯಿತು. ಅದೇ ಬೀದಿಯಲ್ಲಿ ಈಗ ಸೈಬರ್ ಸೆಂಟರಿದೆ, ಅಲ್ಲೊಬ್ಬ ಹುಡುಗ ಜನರಿಂದ ಒಟಿಪಿ ಕೇಳಿಕೊಂಡು ಆನ್‌ಲೈನ್ ಅರ್ಜಿ ತುಂಬಿಕೊಡುತ್ತಾನೆ. ಅವನ ಬೆನ್ನ ಹಿಂದೆ ನಿಂತು ನೋಡಿದ್ದೇನೆ. ಎರಡು ಪುಟ ತುಂಬಿ 'ಸಲ್ಲಿಸಿ' ಒತ್ತಿದರೆ 'ಅಮಾನ್ಯ ಮೌಲ್ಯ' ಎಂದು ಬಂತು. ಯಾವ ಖಾನೆಯಲ್ಲಿ, ಏನು ಅಮಾನ್ಯ ಎಂದಿಲ್ಲ. ತುಂಬಿದ್ದೆಲ್ಲ ಅಳಿಸಿಹೋಗಿ ಪುಟ ಬೋಳಾಗಿತ್ತು. ಹುಡುಗ ನಿಟ್ಟುಸಿರು ಬಿಟ್ಟು ಹೆಸರಿನಿಂದ ಮತ್ತೆ ಶುರು ಮಾಡಿದ. ಆ ಕಾಲದ ಗುಮಾಸ್ತರು ಬಿಗಿಮೋರೆಯವರೇ, ಯಾರನ್ನೂ ನಂಬುತ್ತಿರಲಿಲ್ಲ ನಿಜ. ಆದರೆ ಅರ್ಜಿ ತಪ್ಪಿದ್ದರೆ ಹರಿದು ಹಾಕುತ್ತಿರಲಿಲ್ಲ. ಕಾಗದವನ್ನು ತಿರುಗಿಸಿ ರೈತನ ಕಡೆಗೆ ಮುಖ ಮಾಡಿಟ್ಟು, ಹಿಸ್ಸಾ ಸಂಖ್ಯೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣ ಸೊನ್ನೆ ಸುತ್ತಿ, "ಇಲ್ಲಿ" ಎನ್ನುತ್ತಿದ್ದರು. ಉಳಿದದ್ದು ಹಾಗೇ ಇರುತ್ತಿತ್ತು.

ಜನ ಬರೆದದ್ದನ್ನು ಅವರಿಗೇ ಮರಳಿ ತೋರಿಸುವುದರಲ್ಲೂ ಅಪಾಯವಿದೆ ಎಂದು ವೃತ್ತಿಬಾಂಧವರು ತಕರಾರು ತೆಗೆಯುತ್ತಾರೆ. ಹೌದು, ಇದೆ. 2005ರ ಅಕ್ಟೋಬರಿನಲ್ಲಿ ಸ್ಯಾಮಿ ಕಾಮ್ಕರ್ ಎಂಬ ಹುಡುಗ ಸಾಮಾಜಿಕ ಜಾಲತಾಣವಾದ ಮೈಸ್ಪೇಸ್‌ನ ತನ್ನ ಪರಿಚಯದ ಪುಟದಲ್ಲಿ ಜಾವಾಸ್ಕ್ರಿಪ್ಟ್ ಅಡಗಿಸಿಟ್ಟ. ನೋಡಿದವರ ಪುಟಕ್ಕೂ ಅದು ಅಂಟುತ್ತ ಹೋಗಿ, ಒಂದು ದಿನ ತುಂಬುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಅವನಿಗೆ ಸ್ನೇಹದ ಕೋರಿಕೆ ಕಳಿಸಿದ್ದರು, ತಮಗೇ ತಿಳಿಯದೆ. ಆದ್ದರಿಂದ ಮರಳಿ ತೋರಿಸುವಾಗ ಬರೆದದ್ದನ್ನು ಬರೀ ಪಠ್ಯವಾಗಿ ತೋರಿಸಬೇಕು, ಪಾಸ್‌ವರ್ಡ್ ತೋರಿಸಲೇಬಾರದು. ಇವೆರಡೂ ಪ್ರತಿ ದಿನ ಮಾಡುವ, ಎಲ್ಲರಿಗೂ ಗೊತ್ತಿರುವ ಕೆಲಸಗಳು. ಫಾರಂ ಬೋಳಿಸುವುದಕ್ಕೆ ಇವನ್ನು ನೆಪ ಮಾಡಬಾರದು.

ಈ ಪುಟ ಓದುತ್ತಿರುವವರಲ್ಲಿ ನನ್ನದೇ ಕಸುಬಿನವರು ಇದ್ದರೆ ಅವರಲ್ಲಿ ಒಂದು ಅರಿಕೆ. ಬ್ರೌಸರ್ ಸರಿ ಎಂದದ್ದನ್ನು ನೀವು ನಂಬಬೇಡಿ, ಸರ್ವರ್‌ನಲ್ಲಿ ಪ್ರತಿಯೊಂದು ಖಾನೆಯನ್ನೂ ಹೊಸದಾಗಿ ನೋಡಿ, ಬೆಲೆಯನ್ನಂತೂ ನಿಮ್ಮ ಡೇಟಾಬೇಸಿನಿಂದಲೇ ತೆಗೆದುಕೊಳ್ಳಿ. ತಪ್ಪು ಎಲ್ಲಿದೆ ಎಂದು ಆ ಖಾನೆಯ ಪಕ್ಕದಲ್ಲೇ ಕನ್ನಡದಲ್ಲಿ ಬರೆಯಿರಿ. ಡಿ'ಸೋಜಾ ಅವರನ್ನೂ ಬಸವಣ್ಣನನ್ನೂ ಒಳಗೆ ಬಿಡಿ. ಮತ್ತು ಕೊನೆಯ ಹೆಸರಿನ ಪಕ್ಕದಲ್ಲಿರುವ 'ಕಡ್ಡಾಯ' ಎನ್ನುವ ಆ ಕೆಂಪು ನಕ್ಷತ್ರವನ್ನು ದಯವಿಟ್ಟು ಇವತ್ತೇ ತೆಗೆದುಹಾಕಿ.