ಎರಡೆಳೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ಮಗಳು, "ದೊಡ್ಡಮ್ಮಾ, ಆಲಿವರ್ ಟ್ವಿಸ್ಟ್ ಅಂತಾರಲ್ಲ, ಟ್ವಿಸ್ಟ್ ಅಂದ್ರೇನು?" ಅಂದಳು. ತಿರುಚೋದು ಕಣೇ ಅಂದುಬಿಟ್ಟೆ. ಆ ಉತ್ತರ ನನಗೇ ಸಾಲದೆ ಎರಡು ದಿನ ನಿಘಂಟು ಹಿಡಿದು ಕೂತೆ.

ಆ ಹುಡುಗನಿಗೆ ಅರ್ಥ ನೋಡಿ ಹೆಸರಿಟ್ಟದ್ದಲ್ಲ ಅಂತ ಅವಳಿಗೆ ಹೇಳು. 1837ರಲ್ಲಿ ಡಿಕನ್ಸ್ ಬರೆಯತೊಡಗಿದ ಕತೆಯದು. ಅದರಲ್ಲಿ ಅನಾಥ ಕೂಸುಗಳಿಗೆ ಅಕ್ಷರಗಳ ಸಾಲು ಹಿಡಿದು ಹೆಸರಿಡುತ್ತಾರೆ. ಹಿಂದಿನ ಮಗುವಿಗೆ ಎಸ್ ಮುಗಿದಿತ್ತು, ಇವನಿಗೆ ಟಿ ಬಂತು. ಓದಿ ಕರುಳು ಚುರುಕ್ ಅಂತು.

ಪದದ ಬೇರಿನಲ್ಲಿ ಇರೋದು ತಿರುಚೋದಲ್ಲ, ಎರಡು. ಇಂಗ್ಲಿಷಿನ 'ಟೂ' ಇದೆಯಲ್ಲ, ಅದರದೇ ಬೇರು. ಟ್ವಿನ್, ಟ್ವೈನ್, ಬಿಟ್ವೀನ್ ಎಲ್ಲ ಒಂದೇ ಬಳಗ. ಹಳೆಯ ಇಂಗ್ಲಿಷಿನಲ್ಲಿ ಹಡಗಿನ ಪಟದ ಕಂಬವನ್ನು ಬಿಗಿಯುವ ಹಗ್ಗಕ್ಕೂ ಟ್ವಿಸ್ಟ್, ಮೇಣದಬತ್ತಿಯ ಕುಡಿ ಕತ್ತರಿಸುವ ಎರಡು ಕೈಯ ಕತ್ತರಿಗೂ ಟ್ವಿಸ್ಟ್. ಕೂಡಿದ್ದೂ ಎರಡು, ಕವಲೊಡೆದದ್ದೂ ಎರಡು. ಜರ್ಮನ್ ಭಾಷೆಯಲ್ಲಿ ಇದರ ಒಡಹುಟ್ಟು ತ್ಸ್ವಿಸ್ಟ್. ಅಂದರೆ ಜಗಳ. ಡಚ್ಚರಿಗೂ ಟ್ವಿಸ್ಟ್ ಅಂದರೆ ಜಗಳವೇ. ಅದೇ ಜರ್ಮನ್ನಿನಲ್ಲಿ ತ್ಸ್ವಿರ್ನ್ ಅಂದರೆ ಹುರಿ ಮಾಡಿದ ದಾರ! ಉಂಡ ಮನೆಗೆ ಎರಡು ಬಗೆಯೋದು ಅಂತ ನಾವೂ ಅನ್ನುತ್ತೇವಲ್ಲ, ನಮ್ಮ 'ಎರಡು' ಕೂಡ ಆ ಕಡೆ ಹೊರಳಿದೆ.

ಅಪ್ಪ ಜಗಲಿಯಲ್ಲಿ ಕೂತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದದ್ದು ನೆನಪಿದೆಯಾ? ಒಂದೊಂದು ಎಳೆಗೂ ಒಂದು ಕಡೆಗೆ ಹುರಿ ಕೊಟ್ಟು, ಆಮೇಲೆ ಎರಡನ್ನೂ ಕೂಡಿಸಿ ಎದುರು ದಿಕ್ಕಿಗೆ ಸುತ್ತುತ್ತಿದ್ದರು. ಒಂಟಿ ಎಳೆ ಕೈ ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಜೋಡಿಯಾದ ಮೇಲೆ ಎರಡೂ ಬಿಚ್ಚಿಕೊಳ್ಳಲು ಹೆಣಗುತ್ತಲೇ ಇರುತ್ತವೆ, ಆ ಹೆಣಗಾಟವೇ ಒಂದನ್ನೊಂದು ಬಿಗಿದು ಹಿಡಿಯುತ್ತದೆ. ತುದಿ ಹಿಡಿದು ನಿಲ್ಲೋಕೆ ನಾವಿಬ್ಬರೂ ಎಷ್ಟು ಕಿತ್ತಾಡುತ್ತಿದ್ದೆವು.

ತೋಟದ ಪಾಲಿನ ಮಾತು ಬಂದು ಎಂಟು ತಿಂಗಳಾಯಿತು. ನಾನು ಫೋನ್ ಮಾಡಿದರೆ ಮಗಳ ಕೈಗೆ ಕೊಟ್ಟುಬಿಡುತ್ತೀಯ. ಅವತ್ತು ನಾಲ್ಕು ಜನರ ಮುಂದೆ ನಿನ್ನನ್ನು ಹಾಗೆ ಅನ್ನಬಾರದಿತ್ತು ಪುಟ್ಟಿ, ತಪ್ಪು ನನ್ನದೇ. ಹೇಳೋಕೆ ಇಷ್ಟು ದಿನ ಬೇಕಾಯಿತು.

ಅಪ್ಪ ಹೊಸೆದ ಹಗ್ಗದ ಸುರುಳಿ ಅಟ್ಟದ ಮೇಲೆ ಹಾಗೇ ಇದೆ. ದೀಪಾವಳಿಗೆ ಬಾ, ಹುಡುಗಿಗೆ ಹೊಸೆಯೋದು ತೋರಿಸೋಣ. ನಾರು ಇವತ್ತೇ ನೆನೆಹಾಕಿದ್ದೇನೆ.

ನಿನ್ನ
ಅಕ್ಕ