ನಡೆಯದುದಕ್ಕೆ ನಡೆದುದರ ರೂಪ

ಸ್ಪ್ಯಾನಿಷ್ ವ್ಯಾಕರಣದಲ್ಲಿ ‘ಇಂಪರ್ಫೆಕ್ಟ್ ಸಬ್ಜಂಕ್ಟಿವ್’ ಎಂಬ ಕ್ರಿಯಾರೂಪವೊಂದುಂಟು. ಕನ್ನಡದಲ್ಲಿ ಅದನ್ನು ಭೂತಕಾಲದ ಸಂಭಾವನಾರೂಪವೆಂದು ಕರೆಯಬಹುದು. ಭಾಷೆ ಕಲಿಯುವವರು ಸಾಮಾನ್ಯವಾಗಿ ಇದನ್ನು ಕೋಷ್ಟಕವಾಗಿ ಬಾಯಿಪಾಠ ಮಾಡುತ್ತಾರೆ. ಅದರ ಸ್ವಾರಸ್ಯವಾದರೋ ಕೋಷ್ಟಕದ ಹಿಂದಿನ ಚರಿತ್ರೆಯಲ್ಲಿದೆ.

ರಚನೆಯ ನಿಯಮ ಸರಳ. ಭೂತಕಾಲದ ಪ್ರಥಮಪುರುಷ ಬಹುವಚನದಿಂದ ಕೊನೆಯ ‘ರೊನ್’ ಅನ್ನು ಕಳೆದು ‘ರ’ ಸೇರಿಸಬೇಕು. ‘ಅಮಾರೊನ್’ ಎಂದರೆ ‘ಪ್ರೀತಿಸಿದರು’, ಅದರಿಂದ ‘ಅಮಾರ’. ಹಾಗೆಯೇ ‘ಉಂಡರು’ ಎಂಬರ್ಥದ ‘ಕೊಮಿಯೇರೊನ್’ನಿಂದ ‘ಕೊಮಿಯೇರ’, ‘ಬದುಕಿದರು’ ಎಂಬರ್ಥದ ‘ಬಿಬಿಯೇರೊನ್’ನಿಂದ ‘ಬಿಬಿಯೇರ’. ಪುರುಷ, ವಚನಗಳಿಗೆ ತಕ್ಕಂತೆ ಕೊನೆ ಮಾತ್ರ ಬದಲಾಗುತ್ತದೆ: ‘ನಾನು’, ‘ಅವನು’ ಎರಡಕ್ಕೂ ‘ಅಮಾರ’, ‘ನೀನು’ ಎಂಬಲ್ಲಿ ‘ಅಮಾರಸ್’, ‘ನಾವು’ ಎಂಬಲ್ಲಿ ‘ಅಮಾರಮೊಸ್’, ‘ಅವರು’ ಎಂಬಲ್ಲಿ ‘ಅಮಾರನ್’. ಉಚ್ಚಾರದಲ್ಲಿ ಎಚ್ಚರ ಬೇಕು. ಒತ್ತು ಕೊನೆಗೆ ಜಾರಿ ‘ಅಮರಾ’ ಎಂದಾದರೆ ಅದು ‘ಪ್ರೀತಿಸುವನು’ ಎಂಬ ಭವಿಷ್ಯತ್ತಾಗುತ್ತದೆ.

ಇದೇ ಅರ್ಥಕ್ಕೆ ‘ಅಮಾಸೆ’ ಎಂಬ ಇನ್ನೊಂದು ರೂಪವೂ ಇದೆ (ನಮ್ಮ ಅಮಾವಾಸ್ಯೆಗೂ ಅದಕ್ಕೂ ನಂಟಿಲ್ಲ). ಇದು ಲ್ಯಾಟಿನ್ನಿನ ಸಂಭಾವನಾರೂಪವೊಂದರಿಂದಲೇ ನೇರವಾಗಿ ಇಳಿದುಬಂದದ್ದು. ‘ಅಮಾರ’ದ ವಂಶ ಬೇರೆ. ಅದರ ಮೂಲವಾದ ಲ್ಯಾಟಿನ್ನಿನ ‘ಅಮಾವೆರತ್’ ಎಂಬುದಕ್ಕೆ ‘ಪ್ರೀತಿಸಿದ್ದನು’ ಎಂದಷ್ಟೇ ಅರ್ಥ. ಅಲ್ಲಿ ಊಹೆಯಿಲ್ಲ, ಹಾರೈಕೆಯಿಲ್ಲ, ನಡೆದುಹೋದ ಸಂಗತಿಯ ವರದಿ ಮಾತ್ರ. ಮಧ್ಯಯುಗದ ಸ್ಪ್ಯಾನಿಷ್ ಕಾವ್ಯಗಳು ಅದನ್ನು ಆ ಅರ್ಥದಲ್ಲಿಯೂ ಬಳಸಿದವು. ಇಂದಿನ ಪತ್ರಿಕಾಗದ್ಯದಲ್ಲಿಯೂ ಆ ಹಳೆಯ ಬಳಕೆ ಅಲ್ಲಲ್ಲಿ ಇಣುಕುವುದುಂಟು. ಆದರೆ ಷರತ್ತಿನ ವಾಕ್ಯಗಳಲ್ಲಿ ನಿಂತು ನಿಂತು ಅದು ನಡೆಯದುದರ ವಾಚಕವಾಯಿತು. ಇಂದು ಎರಡರಲ್ಲಿ ಹೆಚ್ಚು ಬಳಕೆಯಿರುವುದು ಇದಕ್ಕೇ. ಲ್ಯಾಟಿನ್ ಅಮೆರಿಕದ ಮಾತಿನಲ್ಲಂತೂ ‘ಅಮಾಸೆ’ ವಿರಳ. ಹುಟ್ಟಿನಿಂದಲೇ ಸಂಭಾವನೆಯಾಗಿದ್ದುದನ್ನು ಹಿಂದೊಮ್ಮೆ ನಿಶ್ಚಯವಾಗಿದ್ದುದು ಮೂಲೆಗೊತ್ತಿದ ಈ ಬಗೆ ವಿಲಕ್ಷಣವಾದುದು.

ಅನುವಾದಕರಿಗೆ ಇದು ಬರಿಯ ಶಬ್ದಶಾಸ್ತ್ರವಲ್ಲ. ‘ಸಿ ಬೀಬೆ ಮಿ ಪಾದ್ರೆ’ ಎಂದರೆ ತಂದೆ ಬದುಕಿದ್ದಾನೋ ಇಲ್ಲವೋ ತಿಳಿಯದು. ‘ಸಿ ಬಿಬಿಯೇರ ಮಿ ಪಾದ್ರೆ’ ಎಂದೊಡನೆ ಅವನು ಸತ್ತಿದ್ದಾನೆಂದು ಕೇಳುವವರಿಗೆ ತಿಳಿಯುತ್ತದೆ, ಸಾವೆಂಬ ಪದ ಎಲ್ಲಿಯೂ ಬರುವುದಿಲ್ಲ. ಇದನ್ನು ಕನ್ನಡಿಸುವಾಗ ‘ತಂದೆ ಬದುಕಿದ್ದರೆ’ ಎಂದು ಬರೆದರೆ ಅರ್ಥ ಎರಡು ಕಡೆಗೂ ತೆರೆದುಕೊಳ್ಳುತ್ತದೆ, ಸತ್ತವನು ಬದುಕಿಯೂಬಿಡಬಹುದು. ಕನ್ನಡವೂ ಇಲ್ಲಿ ಭೂತಕಾಲವನ್ನೇ ಆಶ್ರಯಿಸುತ್ತದೆ, ಆದರೆ ಒಂದಲ್ಲ, ಎರಡು ಸಲ: ‘ತಂದೆ ಬದುಕಿದ್ದಿದ್ದರೆ’.