ಕಿವಿ ಹೇಳಿದ ಸುಳ್ಳು

ಹೋದ ವರ್ಷ ನನ್ನ ಎಡ ಮೊಣಕಾಲು ಮುಷ್ಕರ ಹೂಡಿತು. "ಇನ್ನು ಕ್ಲಚ್ ಒತ್ತುವ ಕೆಲಸ ಬೇಡ" ಎಂದರು ಡಾಕ್ಟರು. ಮುಂಬಯಿಯಲ್ಲಿ ಓಡಾಡಲು ಲೋಕಲ್ ಗಾಡಿಯಿದೆ, ಚಿಂತೆಯಿಲ್ಲ. ಆದರೆ ವರ್ಷಕ್ಕೊಮ್ಮೆ ಧಾರವಾಡಕ್ಕೆ ನಾನೇ ಕಾರು ನಡೆಸಿಕೊಂಡು ಹೋಗುವುದು ನನಗುಳಿದಿದ್ದ ಒಂದೇ ದೊಡ್ಡಸ್ತಿಕೆ. ಅದೂ ಹೋಯಿತೇ ಎಂದು ಕುಗ್ಗಿದ್ದಾಗ ಮಗ ಸಿ.ವಿ.ಟಿ. ಕಾರೊಂದನ್ನು ತಂದು ನಿಲ್ಲಿಸಿದ. ಕ್ಲಚ್ ಒತ್ತುವಂತಿಲ್ಲ, ಗೇರು ಬದಲಿಸುವಂತಿಲ್ಲ.

ಪ್ರೀಮಿಯರ್ ಪದ್ಮಿನಿಯ ಸ್ಟಿಯರಿಂಗ್ ಪಕ್ಕದ ಗೇರಿನಲ್ಲಿ ಪಳಗಿದವನು ನಾನು. ಗೇರು ಯಾವಾಗ ಬದಲಿಸಬೇಕೆಂದು ಆಗ ಹೇಳುತ್ತಿದ್ದುದು ಕಿವಿ. ಇಂಜಿನ್ನಿನ ದನಿ ಏರಿತೆಂದರೆ ಮೇಲಿನ ಗೇರು, ಕುಗ್ಗಿತೆಂದರೆ ಕೆಳಗಿನದು. ದನಿ ಏರಿಯೂ ಗಾಡಿ ಓಡದಿದ್ದರೆ ಕ್ಲಚ್ ಸವೆದಿದೆಯೆಂದೇ ಅರ್ಥ.

ಖಂಡಾಲಾ ಘಾಟಿನಲ್ಲಿ ಈ ವಿದ್ಯೆಯೇ ಮುಳುವಾಯಿತು. ಲಾರಿಯೊಂದನ್ನು ದಾಟಲೆಂದು ಜೋರಾಗಿ ಒತ್ತಿದೆ. ಇಂಜಿನ್ ಒಮ್ಮೆಲೇ ಕೂಗಿಕೊಂಡು ಅದೇ ಸ್ವರದಲ್ಲಿ ನಿಂತುಬಿಟ್ಟಿತು. ಕ್ಲಚ್ ಜಾರಿತೆಂದು ಗಾಬರಿಯಾಗಿ ಕಾಲು ತೆಗೆದೆ. ಗಾಡಿ ಲಾರಿಯ ಮಗ್ಗುಲಲ್ಲೇ ಕುಂಟಿತು. ಹಿಂದಿನ ಬಸ್ಸಿನವನ ಹಾರ್ನ್ ಇನ್ನೂ ಕಿವಿಯಲ್ಲಿದೆ. ಹೇಗೋ ಮತ್ತೆ ಲಾರಿಯ ಬೆನ್ನಿಗೆ ಸೇರಿಕೊಂಡಾಗ ಅಂಗಿಯೆಲ್ಲ ಒದ್ದೆ.

ಲೋಣಾವಳಾದಲ್ಲಿ ಚಹಾಕ್ಕೆ ನಿಂತಾಗ ಮಗ ಎರಡು ಬಸಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಹಿಡಿದು ತೋರಿಸಿದ. "ಇಂಥ ಎರಡು ಜೋಡಿ, ಅಪ್ಪಾ. ಈ ಸಂದಿನಲ್ಲಿ ಒಂದು ಬೆಲ್ಟು." ಬಸಿಗಳು ಹತ್ತಿರವಾದರೆ ಬೆಲ್ಟು ಅಂಚಿಗೆ ಏರುತ್ತದೆ, ದೂರವಾದರೆ ನಡುವಿಗೆ ಇಳಿಯುತ್ತದೆ. ಒಂದು ಜೋಡಿ ಕೂಡಿದಾಗ ಇನ್ನೊಂದು ಅಗಲುತ್ತದೆ. ಮೆಟ್ಟಿಲೇ ಇಲ್ಲದೆ, ಜಾರುಬಂಡೆಯಂತೆ ಗೇರು ಬದಲಾಗುತ್ತ ಹೋಗುತ್ತದೆ. ಏರಿನಲ್ಲಿ ಇಂಜಿನ್ನನ್ನು ಅದಕ್ಕೆ ಹೆಚ್ಚು ಬಲವಿರುವ ವೇಗದಲ್ಲೇ ಇರಿಸಿಕೊಂಡು ಗಾಲಿಗಳ ವೇಗವನ್ನು ಮಾತ್ರ ಏರಿಸುತ್ತದೆ. ನಾನು ಕೇಳಿದ್ದು ದುಡಿಮೆಯ ಕೂಗು.

ಹಾಲೆಂಡಿನ ಡಾಫ್ ಕಂಪನಿ 1958ರಲ್ಲೇ ರಬ್ಬರ್ ಬೆಲ್ಟಿನ ಇಂಥ ಕಾರನ್ನು ಜನರ ಮುಂದಿಟ್ಟಿತ್ತು. ಅದು ಮುಂದಕ್ಕೆ ಓಡುವಷ್ಟೇ ಜೋರಾಗಿ ಹಿಂದಕ್ಕೂ ಓಡಬಲ್ಲದಾಗಿತ್ತು! (ನಮ್ಮ ಸಂಘದ ಕೆಲವು ಸಮಿತಿಗಳ ನೆನಪಾಯಿತು.) ಈಗಿನ ಕಾರುಗಳಲ್ಲಿ ಹೆಚ್ಚಾಗಿ ತೆಳು ಉಕ್ಕಿನ ತುಣುಕುಗಳನ್ನು ಪೋಣಿಸಿದ ಬೆಲ್ಟು, ಅದು ಎಳೆಯುವ ಬದಲು ನೂಕುತ್ತದೆ.

ಅಲ್ಲಿಯವರೆಗೆ ಸುಮ್ಮನಿದ್ದ ಇವಳು, "ಅಲ್ರೀ, ನಮ್ಮ ಕೈನೆಟಿಕ್ ಹೋಂಡಾನೂ ಹಿಂಗಽ ಒದರತಿತ್ತಲ್ಲ. ಆವಾಗ ಹೆದರಲಿಲ್ಲ, ಈಗ್ಯಾಕ?" ಎಂದಳು.

ನಿಜ. 1984ರಲ್ಲಿ ಬಂದ ಆ ಸ್ಕೂಟರಿನ ಹೊಟ್ಟೆಯಲ್ಲೂ ಇದೇ ಏರ್ಪಾಟು, ರಬ್ಬರ್ ಬೆಲ್ಟಿನದು. ಹತ್ತು ವರ್ಷ ಇವಳನ್ನು ಹಿಂದೆ ಕೂರಿಸಿಕೊಂಡು ಮಾಟುಂಗಾ ಮಾರ್ಕೆಟ್ಟಿಗೆ ತಿರುಗಿದವನು, ಒಳಗೇನಿದೆಯೆಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ನಿಪ್ಪಾಣಿ ದಾಟಿ ತವಂದಿ ಘಾಟಿನಲ್ಲಿ ಇಂಜಿನ್ ಮತ್ತೆ ಕೂಗಿತು. ಕಾಲು ತೆಗೆಯಲಿಲ್ಲ. ಮುಳ್ಳು 50ರಿಂದ 70ಕ್ಕೆ ಮೆಲ್ಲಗೆ ಸರಿಯುತ್ತಿತ್ತು. ಲಾರಿ ಹಿಂದೆ ಉಳಿಯಿತು. ಇವಳು ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು.